ಸ್ವಂತ ವಾಹನವಿಲ್ಲದವರು ಕೊಡಗಿನ ಕಾಡು, ಜಲಾಶಯಗಳ ದಾರಿಯಲ್ಲಿ ನಡೆಯಬಹುದೇ?

ಪ್ರಶ್ನೆ: ಮೈಸೂರಿನಿಂದ, ನಿವೃತ್ತ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು 31 ವರ್ಷ ಪ್ರೌಢಶಾಲೆಯಲ್ಲಿ ಭೂಗೋಳ ಪಾಠ ಮಾಡಿ ಕಳೆದ ವರ್ಷ ನಿವೃತ್ತಳಾದವಳು. ಕಾವೇರಿಯ ಉಪನದಿಗಳ ಹೆಸರನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ಆದರೆ ಆ ಪಟ್ಟಿಯಲ್ಲಿ ಮೊದಲು ಬರುತ್ತಿದ್ದ ಹಾರಂಗಿಯನ್ನು ಇಂದಿಗೂ ಕಣ್ಣಾರೆ ಕಂಡಿಲ್ಲ. ಈಗ ಕಾಲುಗಳಲ್ಲಿ ಶಕ್ತಿಯಿರುವಾಗಲೇ ಕೊಡಗಿನ ಬೆಟ್ಟ, ಕಾಡು ಮತ್ತು ಜಲಾಶಯಗಳ ಸುತ್ತಲಿನ ದಾರಿಗಳಲ್ಲಿ ನಡೆದು ನೋಡಬೇಕೆಂಬ ಆಸೆಯಿದೆ. ಜೊತೆಯಲ್ಲಿ ನನ್ನ ತಂಗಿ ಮತ್ತು ಕಾಲೇಜು ಓದುತ್ತಿರುವ ಅವಳ ಮಗ ಬರುತ್ತಾರೆ. ನಮ್ಮಲ್ಲಿ ಯಾರಿಗೂ ಕಾರು ಓಡಿಸಲು ಬಾರದು. ಬಾಡಿಗೆಗೆ ಕಾರು ಹಿಡಿದು ಊರೂರು ತಿರುಗುವ ಮನಸ್ಸೂ ನನಗಿಲ್ಲ.

ವಿಚಾರಿಸಿದ ಕಡೆಯಲ್ಲೆಲ್ಲ ಜೀಪು ಮಾಡಿಕೊಳ್ಳಿ ಎಂಬ ಉತ್ತರವೇ ಸಿಕ್ಕಿತು. ಕೊಡಗಿಗೆ ರೈಲಿಲ್ಲ ಎಂಬುದು ಗೊತ್ತು. ಆದರೆ ಮೈಸೂರಿನಿಂದ ಮಡಿಕೇರಿಗೂ ವಿರಾಜಪೇಟೆಗೂ ದಿನವಿಡೀ ಬಸ್ಸುಗಳಿರುವಾಗ, ಅಲ್ಲಿಂದ ಮುಂದಕ್ಕೆ ಹಳ್ಳಿಯ ಜನ ಹೇಗೆ ಓಡಾಡುತ್ತಾರೋ ಹಾಗೆಯೇ ನಾವೂ ಓಡಾಡಲು ಏಕಾಗದು ಎಂಬುದು ನನ್ನ ಪ್ರಶ್ನೆ. ಬಸ್ಸಿನಿಂದ ಇಳಿದು ನಡೆದೇ ತಲುಪಬಹುದಾದ ದಾರಿಗಳು ಯಾವುವು, ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರು ನಡೆಯಬಲ್ಲ ಅರವತ್ತರ ಆಸುಪಾಸಿನವರಿಗೆ ಅವುಗಳಲ್ಲಿ ಯಾವುದು ಹಿಡಿಸೀತು, ಮತ್ತು ಆನೆಗಳ ವಿಚಾರದಲ್ಲಿ ಎಷ್ಟು ಹೆದರಬೇಕು ಎಂಬುದನ್ನು ಅಲ್ಲಿಯವರೇ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಾಪೋಕ್ಲು ಕಡೆಯ ಕಾಫಿ ಬೆಳೆಗಾರ

ಮೇಡಂ, ನಮಸ್ಕಾರ. ಖಂಡಿತ ಸಾಧ್ಯ. ನಾನು ವಾರಕ್ಕೆ ಮೂರು ದಿನವಾದರೂ ಬಸ್ಸಿನಲ್ಲೇ ಓಡಾಡುವವನು, ಆದ್ದರಿಂದ ಅನುಭವದ ಮಾತು ಹೇಳುತ್ತೇನೆ. ಮರಳಿ ಬರುವ ಬಸ್ಸನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ನಿಮ್ಮ ದಿನವನ್ನು ಜೋಡಿಸಬೇಕು.

ನಮ್ಮ ಹಳ್ಳಿಯ ಬಸ್ಸುಗಳ ವೇಳೆಯನ್ನು ಗೊತ್ತುಮಾಡಿರುವುದು ಹಳ್ಳಿಯವರ ಅನುಕೂಲಕ್ಕಾಗಿ. ಹಾಲ್ಟ್ ಬಸ್ಸು ರಾತ್ರಿ ಊರಿನಲ್ಲೇ ನಿಂತು, ಬೆಳಿಗ್ಗೆ ಶಾಲೆ ಕಾಲೇಜಿನ ಮಕ್ಕಳನ್ನೂ ಕೆಲಸಕ್ಕೆ ಹೋಗುವವರನ್ನೂ ತುಂಬಿಕೊಂಡು ಪೇಟೆಗೆ ಹೋಗುತ್ತದೆ. ಸಂಜೆ ಅವರನ್ನೇ ಕರೆದುಕೊಂಡು ಊರಿಗೆ ಮರಳುತ್ತದೆ. ಪೇಟೆಯಲ್ಲಿ ಕೊಠಡಿ ಹಿಡಿದು ಬೆಟ್ಟಕ್ಕೆ ಬರುವವರು ಈ ಓಡಾಟಕ್ಕೆ ಎದುರು ದಿಕ್ಕಿನಲ್ಲಿ ಸಾಗಬೇಕಾಗುತ್ತದೆ. ಬೆಳಿಗ್ಗೆ ಅವರಿಗೆ ಬಸ್ಸು ತಡವಾಗಿ ಸಿಗುತ್ತದೆ, ಸಂಜೆ ಬೇಗನೆ ಮುಗಿದುಹೋಗುತ್ತದೆ. ಈ ತೊಂದರೆಗೆ ಪರಿಹಾರವೂ ಸುಲಭವಾಗಿಯೇ ಇದೆ. ಹಿಂದಿನ ಸಂಜೆಯ ಬಸ್ಸಿನಲ್ಲಿ ಹಳ್ಳಿಗೆ ಬಂದು, ಅಲ್ಲಿಯೇ ಒಂದು ಹೋಂಸ್ಟೇಯಲ್ಲಿ ಉಳಿದು, ಬೆಳಿಗ್ಗೆ ಎದ್ದು ನಡೆಯಲು ಹೊರಡಿ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. ನಾಲ್ಕು ವರ್ಷಗಳ ಹಿಂದೆ ಹೆಂಡತಿಯ ತವರಿನವರನ್ನು ತಡಿಯಂಡಮೋಳು ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಸಂಜೆ ಆರರ ಹೊತ್ತಿಗೆ ಕೈಕಂಬದಲ್ಲಿ ಒಂದು ಬಸ್ಸಿದೆ ಎಂದು ಯಾರೋ ಹೇಳಿದ್ದನ್ನು ನಂಬಿ ನಿಧಾನವಾಗಿ ಇಳಿದು ಬಂದೆವು. ಬಸ್ಸು ಬಂದದ್ದೇನೋ ನಿಜ, ಆದರೆ ಅದು ಪೇಟೆಯಿಂದ ಬಂದ ಕೊನೆಯ ಟ್ರಿಪ್ಪು. ರಾತ್ರಿ ಅಲ್ಲಿಯೇ ಮುಂದೆ ನಿಲ್ಲುವಂಥದ್ದು. ಕತ್ತಲಾಗುತ್ತಿತ್ತು. ರಸ್ತೆಯ ಕೆಳಗಿನ ತೋಟದಲ್ಲಿ ಬೈನೆ ಮರ ಸೀಳುವ ಸದ್ದು, ಒದ್ದೆ ಬಟ್ಟೆ ಹರಿದ ಹಾಗೆ, ತಡೆದು ತಡೆದು ಕೇಳಿಸುತ್ತಿತ್ತು. ಆನೆಗೆ ಬೈನೆಯ ತಿರುಳೆಂದರೆ ಪ್ರಾಣ. ನಾವು ಆರು ಜನ ಒಂದು ಅಂಗಡಿಯ ಜಗಲಿಯ ಮೇಲೆ ಉಸಿರು ಬಿಗಿಹಿಡಿದು ಕುಳಿತಿದ್ದು, ಕೊನೆಗೆ ಕರಿಮೆಣಸು ಸಾಗಿಸುತ್ತಿದ್ದ ಒಂದು ಪಿಕಪ್ಪಿನವರು ಹತ್ತಿಸಿಕೊಂಡರು. ಅಂದಿನಿಂದ ಯಾರು ಬಸ್ಸಿನ ವೇಳೆ ಹೇಳಿದರೂ ಅದು ಯಾವ ಕಡೆಗೆ ಹೋಗುವ ಬಸ್ಸು ಎಂದು ಎರಡು ಸಲ ಕೇಳುತ್ತೇನೆ.

ಇನ್ನು ತಡಿಯಂಡಮೋಳಿನ ವಿಚಾರ. ಇದು 1748 ಮೀಟರ್ ಎತ್ತರವಿದ್ದು, ಕೊಡಗಿನ ಅತಿ ಎತ್ತರದ ಬೆಟ್ಟ. ಆದರೂ ಬಸ್ಸಿನಲ್ಲಿ ಬರುವವರಿಗೆ ಇಷ್ಟು ಅನುಕೂಲವಾದ ದೊಡ್ಡ ಬೆಟ್ಟ ಇನ್ನೊಂದಿಲ್ಲವೆಂದೇ ನಾನು ಹೇಳುತ್ತೇನೆ. ಕೈಕಂಬದಲ್ಲಿ ಇಳಿದರೆ ತೋಟಗಳ ನಡುವಿನ ಡಾಂಬರು ರಸ್ತೆಯಲ್ಲಿ ನಾಲ್ಕುನಾಡು ಅರಮನೆಗೆ ಸುಮಾರು ಮೂರು ಕಿಲೋಮೀಟರು. ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ಅರಮನೆಯಿದು. 1834ರಲ್ಲಿ ಬ್ರಿಟಿಷರ ಸೈನ್ಯ ಕೊಡಗಿಗೆ ನುಗ್ಗಿದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಆಶ್ರಯ ಪಡೆದದ್ದೂ ಇಲ್ಲಿಯೇ. ಜೀಪಿನಲ್ಲಿ ಬರುವವರು ಹೆಚ್ಚಾಗಿ ಇದನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ನೀವು ಒಳಗೆ ಹೋಗಿ ಮರದ ಕೆತ್ತನೆಯನ್ನೂ ಗೋಡೆಯ ಚಿತ್ರಗಳನ್ನೂ ಸಾವಕಾಶವಾಗಿ ನೋಡಿ.

ಅರಮನೆಯಿಂದ ತುದಿಗೆ ಆರೇಳು ಕಿಲೋಮೀಟರು. ಅರಣ್ಯ ಇಲಾಖೆಯ ತಪಾಸಣಾ ಗೇಟಿನವರೆಗೆ ರಸ್ತೆಯಿದೆ, ಆಮೇಲೆ ಕಾಲುದಾರಿ. ಅರ್ಧ ದಾರಿಯಲ್ಲಿ ಒಂದು ಭಾರಿ ಬಂಡೆ ಸಿಗುತ್ತದೆ. ನಿಮ್ಮ ಲೆಕ್ಕದಂತೆ ದಿನಕ್ಕೆ ಹನ್ನೆರಡು ಕಿಲೋಮೀಟರೇ ಮಿತಿಯಾದರೆ, ಆ ಬಂಡೆಯ ಬಳಿ ಕುಳಿತು ಬುತ್ತಿ ಉಂಡು ಮರಳಿದರೂ ಯಾವ ನಷ್ಟವೂ ಇಲ್ಲ. ಹುಲ್ಲುಗಾವಲು ಮತ್ತು ಕಣಿವೆಗಳಲ್ಲಿ ಅಡಗಿದ ಶೋಲಾ ಕಾಡು ಎರಡೂ ಅಲ್ಲಿಂದಲೇ ಚೆನ್ನಾಗಿ ಕಾಣುತ್ತವೆ. ಕೊನೆಯ ಏರು ಬಹಳ ಕಡಿದಾಗಿದೆ, ಇಳಿಯುವಾಗ ಮೊಣಕಾಲಿಗೆ ಭಾರ ಬೀಳುತ್ತದೆ. ಚಾರಣದ ಅನುಮತಿಯನ್ನು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಚಿತವಾಗಿ ಪಡೆದು ಅದರ ಪ್ರತಿಯನ್ನು ಕೈಯಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಗೇಟಿನ ಬಳಿ ಮೊಬೈಲ್ ಸಿಗ್ನಲ್ಲನ್ನು ನಂಬುವಂತಿಲ್ಲ. ಬೆಟ್ಟದ ಮೇಲೆ ರಾತ್ರಿ ತಂಗಲು ಅವಕಾಶವಿಲ್ಲ.

ಹಣದ ವಿಚಾರವನ್ನೂ ಒಂದು ಮಾತಿನಲ್ಲಿ ಹೇಳುತ್ತೇನೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ. ಕೊಡಗಿನ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು. ಚಿಲ್ಲರೆ ಇಟ್ಟುಕೊಂಡು ಬನ್ನಿ.

ಉತ್ತರ 2: ಕುಶಾಲನಗರದಿಂದ, ನಾಲೆ ಕೆಲಸದಲ್ಲಿದ್ದವರು

ಮೇಡಂ ಅವರಿಗೆ ವಂದನೆಗಳು. ಹಾರಂಗಿಯ ಹೆಸರು ಎತ್ತಿದ್ದೀರಿ, ಸುಮ್ಮನಿರಲಾಗಲಿಲ್ಲ. ನನ್ನ ಸೇವೆಯ ಬಹುಭಾಗ ಕಳೆದದ್ದು ಆ ನಾಲೆಗಳ ಏರಿಯ ಮೇಲೆಯೇ.

ನೀವು ನೇರವಾಗಿ ಅಣೆಕಟ್ಟೆಗೆ ಹೋಗದೆ ಮೊದಲು ಕೂಡಿಗೆಯಲ್ಲಿ ಇಳಿಯಬೇಕೆಂಬುದು ನನ್ನ ಸಲಹೆ. ಕುಶಾಲನಗರದಿಂದ ಸೋಮವಾರಪೇಟೆಯ ಕಡೆಗೆ ಹೋಗುವ ಬಸ್ಸುಗಳೆಲ್ಲ ಅಲ್ಲಿ ನಿಲ್ಲುತ್ತವೆ. ಹಾರಂಗಿ ಬಂದು ಕಾವೇರಿಯನ್ನು ಕೂಡುವ ಸ್ಥಳವಾದ್ದರಿಂದಲೇ ಆ ಊರಿಗೆ ಕೂಡಿಗೆ ಎಂಬ ಹೆಸರು. ನೀವು ಹಲಗೆಯ ಮೇಲೆ ಎಳೆದ ಎರಡು ಗೆರೆಗಳು ಸೇರುವ ಜಾಗ ಅದು. ಮಳೆ ನಿಂತ ಹೊಸತರಲ್ಲಿ ಹೋದರೆ ಎರಡು ನೀರಿನ ಬಣ್ಣ ಬೇರೆ ಬೇರೆಯಾಗಿ ಸ್ವಲ್ಪ ದೂರ ಜೊತೆಜೊತೆಯಾಗಿ ಹರಿಯುವುದನ್ನು ನಾನು ಕಂಡಿದ್ದೇನೆ. ಅಲ್ಲಿ ನೋಡಿದ ಮೇಲೆ ಹುದುಗೂರಿನ ಬಳಿಯ ಅಣೆಕಟ್ಟೆಯ ಕಡೆಗೆ ಹೊರಡಿ. ಕುಶಾಲನಗರದಿಂದ ಅಣೆಕಟ್ಟೆಗೆ ಸುಮಾರು 9 ಕಿಲೋಮೀಟರು. ಬಸ್ಸು ಕಡಿಮೆ, ಆಟೋ ಸಿಗುತ್ತದೆ. ಹೋಗುವಾಗ ನಡೆದು, ಬರುವಾಗ ಆಟೋ ಹಿಡಿದರೆ ನಿಮ್ಮ ವಯಸ್ಸಿಗೆ ಹದವಾಗುತ್ತದೆ. ದಾರಿ ಬಹುಮಟ್ಟಿಗೆ ಸಮತಟ್ಟು, ಗದ್ದೆಗಳು, ಜೋಳದ ಹೊಲಗಳು.

ಅಣೆಕಟ್ಟೆ ಮುಗಿದದ್ದು 1982ರಲ್ಲಿ. ಎತ್ತರ 47 ಮೀಟರ್, ಗರಿಷ್ಠ ನೀರಿನ ಮಟ್ಟ 2859 ಅಡಿ, ಸಂಗ್ರಹ ಸಾಮರ್ಥ್ಯ 8.5 ಟಿಎಂಸಿ. ಇಲ್ಲಿಯ ನೀರು ಹೆಚ್ಚಾಗಿ ಹರಿಯುವುದು ಕೊಡಗಿನ ಹೊರಗೆ, ಪಿರಿಯಾಪಟ್ಟಣ, ಹುಣಸೂರು, ಅರಕಲಗೂಡು ಕಡೆಯ ಗದ್ದೆಗಳಿಗೆ. 2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಹಟ್ಟಿಹೊಳೆ ಭಾಗದ ಬೆಟ್ಟಗಳು ಜರಿದಾಗ ಆ ಮಣ್ಣು ಕೊಚ್ಚಿಕೊಂಡು ಬಂದು ಸೇರಿದ್ದು ಇದೇ ಜಲಾಶಯಕ್ಕೆ. ಆ ವಾರ ನೀರು ಅರೆದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಬುಡಸಮೇತ ಬಂದ ಕಾಫಿ ಗಿಡಗಳು ಕಾಯಿಯೊಂದಿಗೇ ತೇಲುತ್ತಿದ್ದವು. ಯಾರದೋ ಮನೆಯ ಹಿತ್ತಲಿನ ಗಿಡಗಳವು ಎಂದು ಎಣಿಸಿ ಎದೆ ಭಾರವಾಗಿತ್ತು. ಇಂದಿಗೂ ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ಅಂಚಿನಲ್ಲಿ ಹೂಳು ಒಣಗಿ ಹಪ್ಪಳದಂತೆ ಬಿರುಕು ಬಿಟ್ಟಿರುತ್ತದೆ. ನೋಡಲು ಗಟ್ಟಿ ನೆಲ, ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ದಯವಿಟ್ಟು ಹುಲ್ಲು ಬೆಳೆದ ದಂಡೆಯನ್ನು ಬಿಟ್ಟು ನೀರಿನ ಕಡೆಗೆ ಇಳಿಯಬೇಡಿ. ಈಜಲು ಇಳಿದವರ ಹೆಣ ಹುಡುಕುವುದನ್ನು ದಂಡೆಯಲ್ಲಿ ನಿಂತು ನೋಡಿದವನು ನಾನು, ಆದ್ದರಿಂದ ನಿಮ್ಮ ತಂಗಿಯ ಮಗನಿಗೂ ಈ ಮಾತನ್ನು ಓದಿಸಿ. ಅಣೆಕಟ್ಟೆಯ ಮೇಲೆ ಹೋಗುವ ವಿಚಾರದಲ್ಲಿ ಕಾವಲಿನವರು ಹೇಳಿದ್ದೇ ಕೊನೆ.

ಎರಡನೆಯ ದಿನಕ್ಕೆ ಚಿಕ್ಲಿಹೊಳೆ. ಕುಶಾಲನಗರದಿಂದ ನಂಜರಾಯಪಟ್ಟಣದ ಮೇಲೆ ಸಿದ್ದಾಪುರಕ್ಕೆ ಹೋಗುವ ಬಸ್ಸು ಹತ್ತಿ, ಚಿಕ್ಲಿಹೊಳೆಯ ತಿರುವಿನಲ್ಲಿ ಇಳಿಸಲು ಹೇಳಿ. ಹಾರಂಗಿಯ ಮುಂದೆ ಇದು ಚಿಕ್ಕ ಮಗು, ಆದರೆ ಚೆಲುವಿನಲ್ಲಿ ನಾನು ಇದಕ್ಕೇ ಹೆಚ್ಚು ಅಂಕ ಕೊಡುತ್ತೇನೆ. ತುಂಬಿದ ನೀರು ಅರ್ಧಚಂದ್ರದ ಆಕಾರದ ಕೋಡಿಯ ಮೇಲೆ ತಾನಾಗಿ ಉಕ್ಕಿ ಇಳಿಯುತ್ತದೆ. ನೀರು ಅಂಚನ್ನು ದಾಟುವ ಗಳಿಗೆಯಲ್ಲಿ ಗಾಜಿನ ಹಾಗೆ ನುಣುಪಾಗಿದ್ದು, ಒಂದು ಮೊಳ ಇಳಿಯುವಷ್ಟರಲ್ಲಿ ಎಳೆಎಳೆಯಾಗಿ ಬಿಡಿಸಿಕೊಂಡು ಬಿಳಿಯಾಗುತ್ತದೆ. ಸುತ್ತಲಿನ ಗಾರೆಯ ಮೇಲೆ ಪಾಚಿ ಕಟ್ಟಿರುತ್ತದೆ, ಅಂಚಿಗೆ ಹೋಗಬಾರದು. ಮಗ್ಗುಲಿಗೇ ಮೀನುಕೊಲ್ಲಿಯ ಮೀಸಲು ಅರಣ್ಯ. ಸಂಜೆ ಆನೆಗಳು ನೀರಿಗೆ ಇಳಿಯುತ್ತವೆ, ಆದ್ದರಿಂದ ಮೂರೂವರೆಗೆ ಅಲ್ಲಿಂದ ಹೊರಟು ನಾಲ್ಕರೊಳಗೆ ಮುಖ್ಯರಸ್ತೆಯಲ್ಲಿ ಇರಬೇಕು. ಇದೇ ಕಾರಣಕ್ಕೆ ಹಾರಂಗಿ ಹಿನ್ನೀರಿನ ಯಡವನಾಡು ಕಾಡಿನ ಕಡೆಯ ದಾರಿಯನ್ನು ನಾನು ಬೇಕೆಂದೇ ನಿಮಗೆ ಹೇಳುತ್ತಿಲ್ಲ.

ಆನೆಗೆ ಎಷ್ಟು ಹೆದರಬೇಕು ಎಂದು ಕೇಳಿದ್ದೀರಿ. ಬಸ್ಸು ತಪ್ಪಿಸಿಕೊಳ್ಳದಷ್ಟು ಹೆದರಿದರೆ ಸಾಕು. ಕಾಡಿನಲ್ಲಿರುವ ಆನೆಗಿಂತ ತೋಟದಲ್ಲಿ ನೆಲೆಸಿರುವ ಆನೆಯೇ ಇಲ್ಲಿ ಹೆಚ್ಚು ಅಪಾಯ. ಬೆಳಗಿನ ಮಂಜು ಹರಿಯುವ ಮುನ್ನ ಮತ್ತು ಹೊತ್ತು ಇಳಿದ ಮೇಲೆ ತೋಟದ ರಸ್ತೆಗಳಲ್ಲಿ ನಡೆಯಬೇಡಿ. ಲದ್ದಿ ಕಂಡರೆ ಹಬೆಯಾಡುತ್ತಿದೆಯೇ, ಒಣಗಿದೆಯೇ ನೋಡಿ. ಹಸಿಯಾಗಿದ್ದರೆ ಮುಂದಿನ ತಿರುವನ್ನು ನೋಡುವ ಆಸೆಯನ್ನೂ ಬಿಟ್ಟು ಬಂದ ದಾರಿಯಲ್ಲೇ ಹಿಂದಿರುಗಿ. ಬಸ್ಸಿನ ಡ್ರೈವರನ್ನು ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ನಿನ್ನೆ ರಾತ್ರಿ ಆನೆ ಎಲ್ಲಿ ರಸ್ತೆ ದಾಟಿತು ಎಂಬುದು ಬೆಳಗಿನ ಮೊದಲ ಟ್ರಿಪ್ಪಿನವರಿಗೆ ಗೊತ್ತಿರುತ್ತದೆ.

ಉತ್ತರ 3: ಸೋಮವಾರಪೇಟೆಯಿಂದ

ಅಕ್ಕ, ಮೇಲಿನ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಹಾರಂಗಿಯನ್ನು ಕೂಡಿಗೆಯಿಂದ ನೋಡಲು ಆರಂಭಿಸಿದ ಮೇಲೆ, ಅದು ಹುಟ್ಟುವ ಕಡೆಗೂ ಒಮ್ಮೆ ಬನ್ನಿ ಎಂದು ಕೇಳಿಕೊಳ್ಳುತ್ತೇನೆ. ಅದರ ಮೂಲವಿರುವುದು ನಮ್ಮ ಪುಷ್ಪಗಿರಿ ಬೆಟ್ಟಸಾಲಿನಲ್ಲಿ. ಅದೇ ಬೆಟ್ಟಸಾಲಿನಿಂದ ಕುಮಾರಧಾರೆಯೂ ಹೊರಡುತ್ತದೆ, ಆದರೆ ಅದು ಪಶ್ಚಿಮಕ್ಕೆ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಒಂದೇ ಸಾಲಿನ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಪಾಲು ಮೈಸೂರು ಸೀಮೆಯ ಗದ್ದೆಗಳನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಭೂಗೋಳ ಕಲಿಸಿದವರು ಇದನ್ನು ನಿಂತು ನೋಡಬೇಕು.

ಕುಮಾರಧಾರೆ ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕುತ್ತದೆ. ಸೋಮವಾರಪೇಟೆಯಿಂದ ಸುಮಾರು 25 ಕಿಲೋಮೀಟರು. ಶಾಂತಳ್ಳಿಯ ಮೇಲೆ ಹೋಗುವ ಬಸ್ಸಿನಲ್ಲಿ ಬಂದು ಕ್ರಾಸಿನಲ್ಲಿ ಇಳಿದು ನಡೆಯಬೇಕು, ಕೊನೆಗೆ ಬಹಳಷ್ಟು ಮೆಟ್ಟಿಲುಗಳಿವೆ. ಇಳಿಯುವುದು ಸುಖ, ಹತ್ತುವಾಗ ಮಾತ್ರ ಹತ್ತಾರು ಮೆಟ್ಟಿಲಿಗೊಮ್ಮೆ ನಿಲ್ಲಲೇಬೇಕು. ಬಸ್ಸು ಬಹಳ ಕಡಿಮೆ ಇರುವ ದಾರಿಯಿದು, ಮರಳುವ ವೇಳೆಯನ್ನು ಇಳಿಯುವ ಮೊದಲೇ ಕಂಡಕ್ಟರರಿಂದ ತಿಳಿದುಕೊಳ್ಳಿ. ಪುಷ್ಪಗಿರಿಯ ತುದಿ 1712 ಮೀಟರ್. ಅದು ವನ್ಯಧಾಮದ ಒಳಗಿರುವುದರಿಂದ ಅನುಮತಿ ಬೇಕು. ತಡಿಯಂಡಮೋಳಿಗಿಂತ ಕಷ್ಟದ ಏರು, ಈ ಸಲ ಬೇಡ.

ಕಾಲದ ಬಗ್ಗೆ ಯಾರೂ ಹೇಳಲಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಬನ್ನಿ ಎಂದೇ ಸಾಮಾನ್ಯವಾಗಿ ಎಲ್ಲರೂ ಹೇಳುತ್ತಾರೆ, ನನ್ನ ಮಾತು ಬೇರೆ. ಫೆಬ್ರವರಿಗೆ ಬಂದರೆ ಜಲಪಾತ ಸೊರಗಿರುತ್ತದೆ, ಹುಲ್ಲು ಕಂದಿರುತ್ತದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ಕೊನೆಯವರೆಗಿನ ನಾಲ್ಕೈದು ವಾರ ಎಲ್ಲಕ್ಕಿಂತ ಚೆನ್ನ. ಜಿಗಣೆಗಳು ಇನ್ನೂ ಇರುತ್ತವೆ ನಿಜ. ಉಪ್ಪು ಮತ್ತು ಹೊಗೆಸೊಪ್ಪಿನ ಪುಡಿಯನ್ನು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ನೀರಿನಲ್ಲಿ ಅದ್ದಿ, ಬೂಟಿಗೂ ಕಾಲುಚೀಲದ ಅಂಚಿಗೂ ಉಜ್ಜಿಕೊಂಡರೆ ಹತ್ತಿರ ಸುಳಿಯುವುದಿಲ್ಲ. ಕಚ್ಚಿದ್ದನ್ನು ಕಿತ್ತು ಎಳೆಯಬೇಡಿ, ಅದೇ ಗಂಟನ್ನು ಮುಟ್ಟಿಸಿದರೆ ಬಿಟ್ಟು ಬೀಳುತ್ತದೆ. ಒಂದೇ ಎಚ್ಚರಿಕೆ, ಆ ತಿಂಗಳುಗಳಲ್ಲಿ ಭತ್ತ ಹಾಲುಗಟ್ಟಿ ತೆನೆ ಬಲಿಯುತ್ತಿರುತ್ತದೆ, ಆನೆಗಳು ಗದ್ದೆಗೆ ಇಳಿಯುತ್ತವೆ. ಸಂಜೆಯ ಹೊತ್ತಿನ ವಿಚಾರದಲ್ಲಿ ಕುಶಾಲನಗರದವರು ಹೇಳಿದ ಮಾತನ್ನು ಮೀರಬೇಡಿ.

ಉತ್ತರ 4: ಶ್ರೀಮಂಗಲ ಕಡೆಯಿಂದ

ದಕ್ಷಿಣ ಕೊಡಗನ್ನು ಎಲ್ಲರೂ ಮರೆತಿದ್ದೀರಿ! ಗೋಣಿಕೊಪ್ಪದಿಂದ ಪೊನ್ನಂಪೇಟೆ, ಶ್ರೀಮಂಗಲದ ಮೇಲೆ ಕುಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಬಂದು ಇರ್ಪು ಕ್ರಾಸಿನಲ್ಲಿ ಇಳಿಯಿರಿ. ಗದ್ದೆಗಳ ನಡುವೆ ನಡೆದರೆ ರಾಮೇಶ್ವರ ದೇವಸ್ಥಾನ, ಅಲ್ಲಿಂದ ಮೆಟ್ಟಿಲು ಹತ್ತಿದರೆ ಲಕ್ಷ್ಮಣತೀರ್ಥದ ಜಲಪಾತ. ಅದೂ ಕಾವೇರಿಯ ಉಪನದಿಯೇ ಎಂಬುದನ್ನು ಮೇಡಂ ಅವರಿಗೆ ನಾನು ಹೇಳಬೇಕಾಗಿಲ್ಲ. ಮೇಲಿನ ಬ್ರಹ್ಮಗಿರಿಯ ತುದಿ 1608 ಮೀಟರ್. ಆ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿಯೂ ಜೊತೆಗೆ ಮಾರ್ಗದರ್ಶಕರೂ ಇಲ್ಲದೆ ಹೊರಡಬೇಡಿ. ನಮ್ಮ ಕಡೆ ಆನೆಯ ಜೊತೆಗೆ ಹುಲಿಯ ಓಡಾಟವೂ ಇದೆ. ಜಲಪಾತದವರೆಗಿನ ನಡಿಗೆಯಲ್ಲಿ ಭಕ್ತರೂ ಪ್ರವಾಸಿಗರೂ ಇದ್ದೇ ಇರುತ್ತಾರೆ, ಹಗಲಿನಲ್ಲಿ ಅಂಜಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ತಂಗಿಗೆ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದೆ. ಹಿನ್ನೀರಿನ ಹೂಳಿನ ವಿಚಾರವನ್ನು ಅವಳ ಮಗನ ಕೈಯಲ್ಲೇ ಓದಿಸಿದೆ. ನವೆಂಬರ್ ಎರಡನೆಯ ವಾರದಲ್ಲಿ ಐದು ದಿನ ಬರುವುದೆಂದು ತೀರ್ಮಾನಿಸಿದ್ದೇವೆ. ಮೊದಲ ಎರಡು ದಿನ ಕುಶಾಲನಗರದಲ್ಲಿ ಉಳಿದು ಕೂಡಿಗೆ, ಹಾರಂಗಿ ಮತ್ತು ಚಿಕ್ಲಿಹೊಳೆ. ಮೂರನೆಯ ದಿನ ಸಂಜೆಯ ಬಸ್ಸಿನಲ್ಲಿ ಕೈಕಂಬದ ಹತ್ತಿರದ ಊರಾದ ಕಕ್ಕಬ್ಬೆಗೆ ಹೋಗಿ ತಂಗಿ, ನಾಲ್ಕನೆಯ ದಿನ ಅರಮನೆ ಮತ್ತು ದೊಡ್ಡ ಬಂಡೆಯವರೆಗಿನ ನಡಿಗೆ. ಮಲ್ಲಳ್ಳಿ ಮತ್ತು ಇರ್ಪನ್ನು ಈ ಸಲ ಸೇರಿಸಿದರೆ ಓಟವಾಗುತ್ತದೆಯೇ ಹೊರತು ನಡಿಗೆಯಾಗುವುದಿಲ್ಲ, ಅವಕ್ಕೆಂದೇ ಇನ್ನೊಮ್ಮೆ ಬರುತ್ತೇವೆ. ಒಂದೇ ಒಂದು ಸಂದೇಹ ಉಳಿದಿದೆ. ಕಕ್ಕಬ್ಬೆಗೆ ಮಡಿಕೇರಿಯ ಕಡೆಯಿಂದ ಬರುವುದು ಒಳ್ಳೆಯದೋ, ವಿರಾಜಪೇಟೆಯ ಕಡೆಯಿಂದಲೋ?

ಉತ್ತರ: ನಾಪೋಕ್ಲು ಕಡೆಯ ಕಾಫಿ ಬೆಳೆಗಾರ

ಮೇಡಂ, ನೀವು ಕುಶಾಲನಗರದಿಂದ ಬರುವುದರಿಂದ ಮಡಿಕೇರಿಗೆ ಬಂದು, ಅಲ್ಲಿಂದ ನಾಪೋಕ್ಲು ಮೇಲೆ ಬರುವುದೇ ನೇರ. ಮಡಿಕೇರಿಯಲ್ಲಿ ಸರ್ಕಾರಿ ಬಸ್ ನಿಲ್ದಾಣ ಬೇರೆ, ಖಾಸಗಿ ಬಸ್ ನಿಲ್ದಾಣ ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಅರ್ಧ ಗಂಟೆಯನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಹಾಗೆ ಬಂದರೆ ನಿಮಗೆ ಮೊದಲು ಕಕ್ಕಬ್ಬೆ ಸಿಗುತ್ತದೆ, ಕೈಕಂಬ ಆಮೇಲೆ. ಐದನೆಯ ದಿನ ಮರಳುವಾಗ ವಿರಾಜಪೇಟೆಯ ಬಸ್ಸು ಹತ್ತಿ, ಗೋಣಿಕೊಪ್ಪ, ಹುಣಸೂರಿನ ಮೇಲೆ ಮೈಸೂರಿಗೆ ಹೋಗಿ. ತಿತಿಮತಿ ದಾಟಿದ ಮೇಲೆ ರಸ್ತೆ ಆನೆಚೌಕೂರಿನ ಕಾಡಿನೊಳಗೆ ಹೋಗುತ್ತದೆ, ಕಿಟಕಿಯ ಪಕ್ಕದ ಸೀಟು ಹಿಡಿಯಿರಿ. ತಂಗುವ ಮನೆಯವರಿಗೆ ಮುಂಚೆಯೇ ಫೋನ್ ಮಾಡಿ ಯಾವ ಬಸ್ಸಿನಲ್ಲಿ ಬರುತ್ತೀರೆಂದು ತಿಳಿಸಿದರೆ, ನಿಲ್ದಾಣಕ್ಕೆ ಯಾರಾದರೂ ಟಾರ್ಚು ಹಿಡಿದು ಬಂದು ಕಾಯುತ್ತಾರೆ.